ಮಾವನವರ ಮರುಪರೀಕ್ಷೆ

ನಮ್ಮ ಮಾವನವರು ವಯಸ್ಸಾದ ಮೇಲೆ ಎರಡು ಸಲ ಪರೀಕ್ಷೆಗೆ ಕೂತರು. ಎರಡಕ್ಕೂ ಮನೆಯವರೇ ಪಾಠ ಹೇಳಿಕೊಟ್ಟೆವು. ಎರಡರಲ್ಲೂ ಅವರು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಒಪ್ಪಿಸಿದರು. ಯಾವುದಾದರೂ ಒಂದರಲ್ಲಿ ನಮ್ಮ ಮಾತು ಕೇಳದೆ ಹಟ ಹಿಡಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮಾವ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವರು. ಅತ್ತೆ ಹೋದ ಮೇಲೂ ಗಟ್ಟಿಮುಟ್ಟಾಗಿಯೇ ಇದ್ದರು. ಎರಡು ವರ್ಷದ ಹಿಂದೆ ಒಂದು ದಿನ ಮೆಟ್ಟಿಲಿನ ಮಧ್ಯೆ ಏದುಸಿರು ಬಿಡುತ್ತ ಕೂತವರು ತಾವಾಗಿ ಏಳಲಿಲ್ಲ. ಹೃದಯ ಹಿಗ್ಗಿದೆ, ಬಲ ಕುಗ್ಗಿದೆ ಎಂದರು ಡಾಕ್ಟರು. "ನಂದು ದೊಡ್ಡ ಹೃದಯ ಅಂತ ಮೊದಲೇ ಹೇಳಿದ್ದೆ, ಯಾರೂ ನಂಬಲಿಲ್ಲ" ಎಂದು ಆಸ್ಪತ್ರೆಯ ಮಂಚದ ಮೇಲಿಂದಲೇ ತಮಾಷೆ ಮಾಡಿದರು. ಆಮೇಲಿಂದ ಕಾಲು ಬಾತುಕೊಳ್ಳುವುದು, ಹತ್ತು ಹೆಜ್ಜೆಗೆ ಮೇಲುಸಿರು, ಒಂದು ದಿನ ಚೆನ್ನಾಗಿದ್ದರೆ ಮೂರು ದಿನ ಹಾಸಿಗೆ.

ಆಸ್ಪತ್ರೆಯವರೇ ಬರೆದುಕೊಟ್ಟು ನಗರಸಭೆಯ ಮನೆ ಆರೈಕೆ ವಿಭಾಗದಿಂದ ಒಬ್ಬರನ್ನು ಗೊತ್ತು ಮಾಡಿಸಿದ್ದರು. ಭಾನುವಾರ ಬಿಟ್ಟು ದಿನಾ ಬೆಳಗ್ಗೆ ಎಂಟಕ್ಕೆ ಬಂದು ಹತ್ತಕ್ಕೆ ಹೋಗುವರು. ಬಿಸಿನೀರಲ್ಲಿ ಮೈ ಒರೆಸಿ, ಕಮೋಡ್ ಕುರ್ಚಿಯ ಮೇಲೆ ಕೂರಿಸಿ, ಬಟ್ಟೆ ಬದಲಿಸಿ, ಕಾಲಿಗೆ ಪಟ್ಟಿ ಸುತ್ತಿ, ಗಂಜಿ ಕುಡಿಸಿ, ಮಾತ್ರೆ ನುಂಗಿಸಿ, ತೂಕ ಎಷ್ಟಿದೆ ಎಂದು ನೀಲಿ ಪುಸ್ತಕದಲ್ಲಿ ಬರೆದಿಡುವರು. ಅವರ ಬೆಲ್ಲು ಕೇಳಿ ಮಾವ ಗೋಡೆ ಗಡಿಯಾರ ಸರಿ ಮಾಡಿಸುತ್ತಿದ್ದರು. ಹಾಗಾಗಿ ಅವರಿಗೆ ನಮ್ಮ ಮನೆಯಲ್ಲಿ 'ಎಂಟು ಗಂಟೆ' ಎಂದೇ ಹೆಸರು. ಎದುರಿಗೆ ಮಾತ್ರ ಅಕ್ಕ ಎನ್ನುತ್ತಿದ್ದೆ.

ಆ ಎರಡು ಗಂಟೆ ಇಲ್ಲದಿದ್ದರೆ ನಮ್ಮ ಸಂಸಾರದ ಲೆಕ್ಕ ಕೂಡುತ್ತಿರಲಿಲ್ಲ. ಇವರು, ಅಂದರೆ ನನ್ನ ಗಂಡ, ಹಾಲಿನ ವ್ಯಾನು ಓಡಿಸುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಹೋದರೆ ಮನೆ ಸೇರುವುದು ಹತ್ತಕ್ಕೆ. ಮಗಳು ಎಂಟಕ್ಕೆ ಮೊದಲೇ ಕಾಲೇಜಿನ ಬಸ್ಸು ಹಿಡಿಯಬೇಕು. ನಾನು ಎಂಟೂವರೆಗೆ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತಿರಬೇಕು. ನಮ್ಮ ಲಾಂಡ್ರಿಗೆ ಮೂರು ಹೋಟೆಲುಗಳ ಹಾಸು ಬರುತ್ತದೆ. ಹತ್ತಕ್ಕೆ ಅವು ಮಡಿಕೆಯಾಗಿ ಹೊರಡದಿದ್ದರೆ ಸೂಪರ್‌ವೈಸರ್ ಗಂಟಲು ಇಡೀ ಬೀದಿಗೆ ಕೇಳಿಸುತ್ತದೆ.

ರಾತ್ರಿಯ ಊಟಕ್ಕೆ ಮಾತ್ರ ಮಾವ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಎಂಥ ಕೆಟ್ಟ ದಿನವಾದರೂ ಹಾಸಿಗೆಯಿಂದ ಮೇಜಿನವರೆಗೆ ತಾವೇ ಬರುವರು. ಹನ್ನೊಂದು ಹೆಜ್ಜೆ. ಬೀರು ಹಿಡಿದು ಒಂದು ಸಲ ನಿಲ್ಲುವರು, ಫ್ರಿಜ್ ಹಿಡಿದು ಇನ್ನೊಂದು ಸಲ. ಮಗಳು ಕಂಡಕ್ಟರ್ ಹಾಗೆ, "ಬೀರು ಸ್ಟಾಪ್, ಬೀರು ಸ್ಟಾಪ್! ಇಳಿಯೋರು ಯಾರಿದೀರಾ?" ಎಂದು ಕೂಗುವಳು. ಮಾವ ಉಸಿರು ಎಳೆದುಕೊಂಡು "ರೈಟ್, ರೈಟ್" ಎನ್ನುವರು. ಸಾರು ಆರಿಹೋದರೂ ಅವರು ಬಂದು ಕೂರುವವರೆಗೆ ನಾವು ಕೈ ಇಡುತ್ತಿರಲಿಲ್ಲ.

ಕಾಗದ ಬಂದದ್ದು ಒಂದು ಮಂಗಳವಾರ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಮಾವ ಕೂಗಿದರು.

"ನಗರಸಭೆಯಿಂದ ಏನೋ ಬಂದಿದೆ. ಓದಮ್ಮ. ಕನ್ನಡಕ ಸಿಗ್ತಾ ಇಲ್ಲ."

ಕನ್ನಡಕ ಹಣೆಯ ಮೇಲೇ ಇತ್ತು. ಕಾಗದವೂ ನಾಲ್ಕು ಸಲ ಬಿಚ್ಚಿ ಮಡಿಸಿದ ಹಾಗಿತ್ತು. ರೋಗಿಯ ಸ್ಥಿತಿಗತಿ ಪರಿಶೀಲಿಸಲು ಹದಿನಾಲ್ಕನೇ ತಾರೀಖು ಹನ್ನೊಂದಕ್ಕೆ ಅಧಿಕಾರಿಯೊಬ್ಬರು ಮನೆಗೆ ಬರುವುದಾಗಿ ಬರೆದಿದ್ದರು.

"ಪರಿಶೀಲಿಸಿ ಏನ್ಮಾಡ್ತಾರೆ?" ಎಂದು ಕೇಳಿದರು ಮಾವ.

"ಏನ್ಮಾಡ್ತಾರೆ ಮಾವ, ನೋಡ್ತಾರೆ, ಟೀ ಕುಡಿದು ಹೋಗ್ತಾರೆ."

ಅಕ್ಕಿ ತೊಳೆಯುವ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಹೇಳಿದೆ. ಅವರು ನಿಜವಾಗಿ ಕೇಳಿದ್ದೇನು ಎಂದು ನಿಂತು ಯೋಚಿಸಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ನಮಗೆ ಗೊತ್ತಾದದ್ದು ಕೆಲಸ ಕೆಟ್ಟ ಮೇಲೆ. ಡಿಪೋದಲ್ಲಿ ಅವರ ಜೊತೆಗಿದ್ದ ವೆಲ್ಡರ್ ಒಬ್ಬರ ಮನೆಗೆ ಹೋದ ವರ್ಷ ಹೀಗೇ ಅಧಿಕಾರಿಗಳು ಬಂದಿದ್ದರಂತೆ. ಮುಂದಿನ ವಾರ ವ್ಯಾನು ಬಂದು ಅವರನ್ನು ಊರಾಚೆಯ ದೀರ್ಘ ಆರೈಕೆ ವಾರ್ಡಿಗೆ ಕರೆದುಕೊಂಡು ಹೋಯಿತಂತೆ. ಅಲ್ಲಿಂದ ಅವರು ಬದುಕಿ ಬರಲಿಲ್ಲ. ಆ ವೆಲ್ಡರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಆ ಮಾತೇ ಬೇರೆ. ಆದರೆ ಮಾವನಿಗೆ ಪರಿಶೀಲನೆ ಎಂದರೆ ಡಿಪೋದ ತಪಾಸಣೆ. ಪಾಸಾದ ಬಸ್ಸು ರಸ್ತೆಗೆ, ಫೇಲಾದದ್ದು ಗುಜರಿಗೆ. ತಪಾಸಣೆಯ ಹಿಂದಿನ ವಾರ ಎಂಥ ಡಕೋಟ ಬಸ್ಸನ್ನೂ ಎಣ್ಣೆ ಹಾಕಿ, ಬಣ್ಣ ಬಳಿದು, ನಟ್ಟು ಬಿಗಿದು ಪಾಸು ಮಾಡಿಸುವುದರಲ್ಲಿ ಅವರದು ಎತ್ತಿದ ಕೈ.

ಇದನ್ನೆಲ್ಲ ಅವರು ಮಗನಿಗೆ ಹೇಳಲಿಲ್ಲ, ನನಗೆ ಹೇಳಲಿಲ್ಲ. ಮೊಮ್ಮಗಳಿಗೆ ಮಾತ್ರ, "ಚಿನಕುರುಳಿ, ಅವರು ಏನೇನು ಕೇಳ್ತಾರೆ ಅಂತ ತಿಳ್ಕೊಂಡು ಬಾ" ಎಂದರು.

ಚಿನಕುರುಳಿ ಮರುದಿನವೇ ವಾರ್ಡ್ ಕಚೇರಿಗೆ ಹೋದಳು. ಅಲ್ಲಿ ಕೌಂಟರಿನ ಮೇಲೆ ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಇಟ್ಟಿದ್ದ ಖಾಲಿ ಫಾರಂ ಒಂದನ್ನು ತಂದಳು.

"ಪ್ರಶ್ನೆಪತ್ರಿಕೆ ಔಟ್ ಆಗಿದೆ ಅಜ್ಜ! ಹದಿನಾಲ್ಕು ಪ್ರಶ್ನೆ. ಒಂದೊಂದಕ್ಕೂ ಮೂರು ಚೌಕ. ತಾನಾಗಿ ಮಾಡುತ್ತಾರೆ, ಸಹಾಯ ಬೇಕು, ಆಗುವುದಿಲ್ಲ."

"ಯಾವ ಚೌಕ ಬಂದ್ರೆ ಪಾಸು?"

"ಮೊದಲನೇದು ಅಂತ ಕಾಣುತ್ತೆ. ತಾನಾಗಿ."

"ಹಾಗಾದ್ರೆ ಹದಿನಾಲ್ಕಕ್ಕೆ ಹದಿನಾಲ್ಕೂ ಮೊದಲನೇದೇ ಬರಬೇಕು. ಶುರು ಮಾಡು."

ಹತ್ತು ದಿನ ಮನೆಯಲ್ಲಿ ಅದೇ ಗಲಾಟೆ. ಬಾತ ಬೆರಳುಗಳಲ್ಲಿ ಅಂಗಿಯ ಗುಂಡಿ ಹಾಕುವ ಅಭ್ಯಾಸ. ಮೊದಲ ದಿನ ಐದು ಗುಂಡಿಗೆ ಒಂಬತ್ತು ನಿಮಿಷ. ಮಗಳು ಫೋನಿನಲ್ಲಿ ಸಮಯ ನೋಡಿ, "ಫೇಲ್! ಮತ್ತೆ!" ಎನ್ನುವಳು. ನಾನೂ ನಕ್ಕೆ. ಇವರೂ ನಕ್ಕರು. ಮನೆಯಲ್ಲಿ ಕಾಯಿಲೆ ಬಂದಾಗಿನಿಂದ ಅಷ್ಟು ನಗು ಕೇಳಿರಲಿಲ್ಲ. ಆ ನಗುವಿನಲ್ಲಿ, ಈ ಫಾರಂ ಯಾತಕ್ಕೆ ಎಂದು ಒಬ್ಬರೂ ಕೇಳಲಿಲ್ಲ. ಫಾರಂನ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಓದಿದವರಿಲ್ಲ.

ಹದಿನಾಲ್ಕನೇ ತಾರೀಖು ಇವರು ವ್ಯಾನಿಗೆ ಬದಲಿ ಡ್ರೈವರನ್ನು ಒಪ್ಪಿಸಿ ಮನೆಯಲ್ಲೇ ಉಳಿದು ಅಪ್ಪನಿಗೆ ನುಣ್ಣಗೆ ಗಡ್ಡ ಹೆರೆದರು. ನಾನು ರಜೆ ಹಾಕಿ ನೆಲ ಉಜ್ಜಿದೆ, ಕಿಟಕಿ ಒರೆಸಿದೆ, ಔಷಧಿಯ ಬಾಟಲಿಗಳನ್ನೆಲ್ಲ ಬೀರುವಿನೊಳಗೆ ತುಂಬಿದೆ. ಕಮೋಡ್ ಕುರ್ಚಿಯನ್ನು ಹಿಂದಿನ ಬಾಲ್ಕನಿಗೆ ಎಳೆದು ಹಳೇ ಹೊದಿಕೆ ಮುಚ್ಚಿದೆ.

'ಎಂಟು ಗಂಟೆ' ಬಂದವರು ಆ ಕುರ್ಚಿ ಹುಡುಕುತ್ತ ಬಾಲ್ಕನಿಗೇ ಹೋದರು.

"ಇದನ್ನ ಯಾಕೆ ಇಲ್ಲಿ ಬಚ್ಚಿಟ್ರಿ?"

"ಹೊರಗಿನವರು ಬರ್ತಾರಲ್ಲ ಅಕ್ಕ. ಅದನ್ನೆಲ್ಲ ನೋಡಿ ಏನಂದ್ಕೊಳ್ಳಲ್ಲ?"

ಅವರು ನನ್ನ ಮುಖವನ್ನೇ ನೋಡಿದರು. "ಪರಿಶೀಲನೆ ವಿಷಯ ನಾವು ಬಾಯಿ ಬಿಡೋ ಹಾಗಿಲ್ಲ. ಆದ್ರೂ ಇದು ಒಳಗೇ ಇದ್ದಿದ್ರೆ ಒಳ್ಳೇದಿತ್ತು" ಎಂದರು. ನಾನು ಮಾವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಕಾಲರು ಸುಟ್ಟೀತು ಎಂಬ ಗಮನದಲ್ಲಿ, "ಆಮೇಲೆ ಒಳಗಿಡ್ತೀನಿ ಅಕ್ಕ" ಎಂದುಬಿಟ್ಟೆ.

ಹನ್ನೊಂದಕ್ಕೆ ಬಂದ ಮೇಡಂ ಒಳ್ಳೆಯವರೇ. ನಮ್ಮ ದುರದೃಷ್ಟಕ್ಕೆ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮಾವ ಬಾಗಿಲಿನ ಪಕ್ಕದ ಕುರ್ಚಿಯಿಂದ ಎದ್ದು ನಿಂತರು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಮೆಟ್ಟಿಲು ಹತ್ತಿ ಸುಸ್ತಾಗಿರ್ಬೇಕು ನಿಮಗೆ."

"ನಾನು ಕೇಳ್ಬೇಕಾದ ಪ್ರಶ್ನೆ ನೀವೇ ಕೇಳ್ತಾ ಇದೀರಲ್ಲ ಯಜಮಾನ್ರೇ" ಎಂದು ಅವರು ನಕ್ಕರು.

ಬಟ್ಟೆ ನೀವೇ ಹಾಕ್ಕೋತೀರಾ? ಹಾಕ್ಕೋತೀನಿ. ಮಾತ್ರೆ? ನಾನೇ ತಗೋತೀನಿ. ಇವತ್ತು ಯಾವ ವಾರ? ಅದಕ್ಕೆ ಮಾವ ವಾರ, ತಾರೀಖು ಎರಡನ್ನೂ ಹೇಳಿ, ಜೊತೆಗೆ ಡಿಪೋದಿಂದ ಬೆಳಗಿನ ಮೊದಲ ಬಸ್ಸು ಹೊರಡುವ ಸಮಯವನ್ನೂ ಸೇರಿಸಿದರು. ಶೌಚಕ್ಕೆ ಎಂದಾಗ ಮಾತ್ರ ಒಂದು ಕ್ಷಣ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

"ಅಗೋ ಅಲ್ಲಿದೆ ಬಾತ್‌ರೂಮು. ನಡೆದೇ ಹೋಗ್ತೀನಿ."

ಕೊನೆಗೆ ಎದ್ದು ಅಡುಗೆಮನೆಗೆ ಹೋಗಿ ಟೀ ಮಾಡಿ ತಂದರು. ಫ್ಲಾಸ್ಕಿನಲ್ಲಿ ಬಿಸಿನೀರು, ಕಪ್ಪು, ಸಕ್ಕರೆ ಎಲ್ಲ ಕೈಗೆಟುಕುವಲ್ಲಿ ಜೋಡಿಸಿಟ್ಟವಳು ಮೊಮ್ಮಗಳು. ಕಪ್ಪು ನಡುಗಲಿಲ್ಲ. ಮೇಡಂ ಟೀ ಹೀರುತ್ತ, "ಎಷ್ಟು ಚೆನ್ನಾಗಿ ನೋಡ್ಕೊಂಡಿದೀರಮ್ಮ ನೀವು" ಎಂದು ನನಗೆ ಹೇಳಿದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಅವರು ಮೆಟ್ಟಿಲು ಇಳಿದ ಸದ್ದು ನಿಂತ ಮೇಲೆ ಮಾವನ ತುಟಿ ನೀಲಿಯಾಯಿತು. ನಾನೂ ಇವರೂ ಎರಡು ಕಡೆ ಹಿಡಿದು ಹಾಸಿಗೆಗೆ ಒಯ್ದೆವು. ಎರಡು ದಿನ ಮೂರು ದಿಂಬು ಒರಗಿಕೊಂಡೇ ಮಲಗಿದರು, ಮಾತಾಡಲೂ ಉಸಿರಿರಲಿಲ್ಲ. ಆದರೂ ಮೊಮ್ಮಗಳು ಬಂದಾಗ ಹೆಬ್ಬೆರಳು ಎತ್ತಿ ತೋರಿಸಿದರು.

ಉತ್ತರ ಬಂದದ್ದು ಎಂಟು ದಿನಕ್ಕೆ. ಊಟದ ಹೊತ್ತಿಗೆ ಇವರೇ ಗಟ್ಟಿಯಾಗಿ ಓದಿದರು. ರೋಗಿಯ ಸ್ಥಿತಿ ಗಣನೀಯವಾಗಿ ಸುಧಾರಿಸಿರುವುದು ಕಂಡುಬಂದಿರುತ್ತದೆ. ಆದ್ದರಿಂದ ದೈನಂದಿನ ಸೇವೆಯನ್ನು ಒಂದನೇ ತಾರೀಖಿನಿಂದ ವಾರಕ್ಕೆ ಎರಡು ದಿನ, ಅರ್ಧ ಗಂಟೆಗೆ ಇಳಿಸಲಾಗಿದೆ.

ಬೇಯಿಸಿದ ಆಲೂಗಡ್ಡೆ ತಟ್ಟೆಯಲ್ಲೇ ಉಳಿಯಿತು.

"ವಾರ್ಡಿಗೆ ಕಳಿಸಲ್ಲ ತಾನೆ?" ಎಂದರು ಮಾವ.

"ಯಾವ ವಾರ್ಡು?"

"ಊರಾಚೆಯದು."

ಆಗ ವೆಲ್ಡರಿನ ಕಥೆಯೆಲ್ಲ ಹೊರಬಿತ್ತು. ಇವರು ಹಣೆ ಹಣೆ ಚಚ್ಚಿಕೊಂಡರು.

"ಅಯ್ಯೋ ಅಪ್ಪ, ಅದನ್ನ ಮೊದಲೇ ಹೇಳ್ಬಾರ್ದಿತ್ತಾ? ನಿನ್ನನ್ನ ಯಾರಯ್ಯ ಕಳಿಸ್ತಾರೆ? ಅವರು ಬಂದಿದ್ದು ನಮಗೆ ಎಷ್ಟು ಸಹಾಯ ಬೇಕು ಅಂತ ಅಳೆಯೋಕೆ!"

"ಅದು ನಿಂಗೆ ಗೊತ್ತಿದ್ರೆ ಅವತ್ತೇ ಹೇಳ್ಬೇಕಾಗಿತ್ತು. ಗಡ್ಡ ಹೆರೆಯೋಕೆ ಬಂದವನು ನೀನೇ ಅಲ್ವಾ?"

"ಹೌದು, ನಾನೇ. ಮತ್ತೆ ನೆಲ ಫಳಫಳ ಅನ್ನಿಸಿದ್ದು ಯಾರು?" ಎಂದು ಇವರು ನನ್ನ ಕಡೆ ತಿರುಗಿದರು.

"ನನ್ನ ಮೇಲೆ ಹಾಕ್ಬೇಡಿ. ಫಾರಂ ತಂದಿದ್ದು ನಿಮ್ಮ ಮಗಳು."

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಮಗಳು ಎದ್ದು ಬಾತ್‌ರೂಮಿನ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟುಕೊಂಡು ಅತ್ತರೆ ಕೇಳಿಸುವುದಿಲ್ಲ ಎಂದು ಅವಳೆಣಿಕೆ. ಆ ಮಾತು ಆಡಬಾರದಿತ್ತು. ಈಗಲೂ ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಒಂದನೇ ತಾರೀಖಿನಿಂದ ನಮ್ಮ ಪಾಡು ಹೇಳತೀರದು. ಮೊದಲ ವಾರ ಮಗಳೇ ಕಾಲೇಜಿನ ಎರಡು ಪಾಠ ಬಿಟ್ಟು ಅಜ್ಜನ ಹತ್ತಿರ ಉಳಿದಳು. ಗಂಜಿ ಕುಡಿಸುವುದು, ಮಾತ್ರೆ ಕೊಡುವುದು ಏನೂ ತೊಂದರೆಯಿಲ್ಲ. ಆದರೆ ಮೊಮ್ಮಗಳ ಕೈಯಲ್ಲಿ ಬಟ್ಟೆ ಬಿಚ್ಚಿಸಿಕೊಳ್ಳಲು ಮಾವ ಒಪ್ಪಲಿಲ್ಲ. ಮಗ ಬರಲಿ ಎಂದು ಹತ್ತರವರೆಗೆ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದರು. ನೀರು ಇಳಿಯುವ ಮಾತ್ರೆ ತಿಂದವರು ಎಷ್ಟು ಹೊತ್ತು ತಡೆದಾರು? ಆ ಶುಕ್ರವಾರ ಆಗಲಿಲ್ಲ.

"ಪರವಾಗಿಲ್ಲ ಅಜ್ಜ. ನಾನು ಚಿಕ್ಕವಳಿದ್ದಾಗ ನೀನು ಮಾಡಿಲ್ವಾ ನಂಗೆ?" ಎನ್ನುತ್ತ ಅವಳೇ ಎಲ್ಲ ಒರೆಸಿ, ಹಾಸು ಬದಲಿಸಿದಳಂತೆ. ಮಾವ ಗೋಡೆಯ ಕಡೆ ಮುಖ ಮಾಡಿದವರು ಸಂಜೆಯವರೆಗೆ ಅವಳ ಜೊತೆ ಮಾತಾಡಲಿಲ್ಲ. ಸಂಜೆ ನನ್ನನ್ನು ಹತ್ತಿರ ಕರೆದು, "ಅವಳನ್ನ ಇಲ್ಲಿ ನಿಲ್ಲಿಸ್ಬೇಡಮ್ಮ. ಕೈ ಮುಗೀತೀನಿ" ಎಂದರು. ಅವರು ನನಗೆ ಕೈ ಮುಗಿದದ್ದು ಅದೊಂದೇ ಸಲ.

ಎರಡನೇ ವಾರದಿಂದ ನಾನು ನಿಂತೆ. ಇವರು ಬಂದ ಮೇಲೆ ಓಡಿದರೂ ಲಾಂಡ್ರಿ ಸೇರುವುದು ಹತ್ತೂವರೆಗೆ. ಸೂಪರ್‌ವೈಸರ್ ಎರಡು ದಿನ ಗಡಿಯಾರ ನೋಡಿ ಸುಮ್ಮನಾದರು. ಮೂರನೆಯ ದಿನ ಕರೆದರು.

"ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ. ಆದ್ರೆ ನಿಮ್ಮ ಮೇಜು ಬೆಳಗ್ಗೆ ಖಾಲಿ ನಿಂತ್ರೆ ಹೋಟೆಲ್‌ನವರಿಗೆ ಅರ್ಥ ಆಗಲ್ಲ. ತಿಂಗಳ ಕೊನೆವರೆಗೆ ನೋಡ್ತೀನಿ. ಆಮೇಲೆ ಬೇರೆಯವರನ್ನ ತಗೋಬೇಕಾಗುತ್ತೆ."

ಹನ್ನೊಂದು ವರ್ಷ ನಿಂತ ಮೇಜು ಅದು. ಮಗಳ ಓದು ನಡೆಯುತ್ತಿದ್ದದ್ದೂ ಅದರಿಂದಲೇ. ಮನೆಗೆ ಬಂದು ಯಾರಿಗೂ ಹೇಳಬಾರದು ಎಂದುಕೊಂಡೆ. ಆದರೆ ಇವರು ಸಾರಿಗೆ ಉಪ್ಪು ಕಡಿಮೆ ಎಂದದ್ದೇ ನೆಪವಾಗಿ ಎಲ್ಲವನ್ನೂ ಹೇಳಿಬಿಟ್ಟೆ. ಮೇಜಿನ ಆ ತುದಿಯಲ್ಲಿ ಕೂತಿದ್ದ ಮಾವ ಎಲ್ಲವನ್ನೂ ಕೇಳಿಸಿಕೊಂಡರು. ಚಮಚ ಕೆಳಗಿಟ್ಟು, "ನನ್ನಿಂದ ನಿನ್ನ ಕೆಲಸಕ್ಕೆ ಕುತ್ತು ಬಂತು" ಎಂದರು. "ಹಾಗೇನಿಲ್ಲ ಬಿಡಿ ಮಾವ" ಎಂದೆ. ಆ ಧ್ವನಿಯಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಗುರುವಾರದ ಅರ್ಧ ಗಂಟೆಯ ಸೇವೆಗೆ ಬಂದಾಗ 'ಎಂಟು ಗಂಟೆ' ಮಾವನ ಕಾಲಿಗೆ ಪಟ್ಟಿ ಸುತ್ತುತ್ತ ನನಗೆ ದಾರಿ ಹೇಳಿಕೊಟ್ಟರು.

"ಮೂವತ್ತು ದಿನದೊಳಗೆ ಮರುಪರಿಶೀಲನೆಗೆ ಅರ್ಜಿ ಹಾಕ್ಬಹುದು. ಇದನ್ನ ಎಲ್ಲರಿಗೂ ಹೇಳ್ಬಹುದು ನಾವು. ಅವರು ಬಂದಾಗ ಇದ್ದಿದ್ದನ್ನ ಇದ್ದ ಹಾಗೆ ತೋರಿಸಿ. ಅಷ್ಟು ಸಾಕು."

ಅಷ್ಟು ಸಾಕಾಗುತ್ತಿತ್ತು. ಅವರ ಅನುಭವ ಸಣ್ಣದಲ್ಲ, ಅವರ ಮಾತು ನಂಬಬೇಕಾಗಿತ್ತು. ಆದರೆ ತಿಂಗಳ ಕೊನೆ ನನ್ನ ಕುತ್ತಿಗೆಗೆ ಬಂದಿತ್ತು. ಇನ್ನೊಮ್ಮೆ ಹೆಚ್ಚುಕಮ್ಮಿಯಾದರೆ ಕೆಲಸ ಹೋಯಿತು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅರ್ಜಿ ಹಾಕಿದೆವು. ತಾರೀಖು ಗೊತ್ತಾಯಿತು. ಈ ಸಲ ಪಾಠ ಹೇಳಿಕೊಟ್ಟವಳು ನಾನು.

"ಮಾವ, ಅವರು ಬಂದಾಗ ಮಲಗೇ ಇರಿ. ಏಳ್ಬೇಡಿ. ಎಲ್ಲದಕ್ಕೂ ಆಗಲ್ಲ ಅಂತ ಹೇಳಿ."

"ಎಲ್ಲದಕ್ಕೂನಾ?"

"ಎಲ್ಲದಕ್ಕೂ."

"ಸುಳ್ಳು ಹೇಳು ಅಂತೀಯಾ?"

"ಹೋದ ಸಲ ಹೇಳಿದ್ದು ಸುಳ್ಳಲ್ವಾ ಮಾವ?"

ಅವರು ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಮಡಿಸಿದರು. "ಅದೂ ಸುಳ್ಳೇ. ಆದ್ರೆ ಅದನ್ನ ಹೇಳೋವಾಗ ಖುಷಿ ಇತ್ತು ಕಣಮ್ಮ" ಎಂದರು. ಒಗೆಯುವ ಬಟ್ಟೆ ಎತ್ತಿಕೊಂಡು ಹಿಂದಕ್ಕೆ ಹೋದೆ.

ಮಗಳಿಗೆ ವಿಷಯ ತಿಳಿದು ನನ್ನ ಮೇಲೆ ಎಗರಿದಳು.

"ಅಜ್ಜನ್ನ ಹಾಗೆ ಮಲಗಿಸಿ ತೋರಿಸ್ತೀಯಾ? ಎಂಟು ಗಂಟೆ ಆಂಟಿ ಹೇಳಿದ್ದು ಇದ್ದ ಹಾಗೆ ತೋರಿಸಿ ಅಂತ!"

"ನೀನು ತೋರಿಸಿದ್ದು ಸಾಕು, ಈಗ ಬಾಯಿ ಮುಚ್ಚು."

"ಸರಿ. ಅವತ್ತು ನಾನು ಮನೇಲಿ ಇರಲ್ಲ."

ಅವಳು ಹೇಳಿದ ಹಾಗೇ ಆ ದಿನ ಬೆಳಗ್ಗೆ ಏಳಕ್ಕೇ ಹೊರಟುಹೋದಳು. ನಾನು ನಾಲ್ಕು ದಿನದಿಂದ ಮಾವನಿಗೆ ಗಡ್ಡ ಹೆರೆಸಿರಲಿಲ್ಲ. ತಲೆ ಬಾಚಲಿಲ್ಲ. ಹಿಂದಿನ ದಿನ ಗಂಜಿ ಚೆಲ್ಲಿಕೊಂಡ ಅಂಗಿಯನ್ನು ಬದಲಿಸಲಿಲ್ಲ. ಕಮೋಡ್ ಕುರ್ಚಿಯನ್ನು ಹಾಲಿನ ನಡುವೆ ತಂದಿಟ್ಟೆ. ಮಾವ ಅದೆಲ್ಲವನ್ನೂ ಮಲಗಿದಲ್ಲಿಂದ ನೋಡುತ್ತಿದ್ದರು.

ಬಂದವರು ಅದೇ ಮೇಡಂ. ಬಾಗಿಲಲ್ಲೇ ನಿಂತುಬಿಟ್ಟರು.

"ಏನಿದು ಯಜಮಾನ್ರೇ? ಹೋದ ಸಲ ಟೀ ಮಾಡಿ ಕೊಟ್ಟಿದ್ರಲ್ಲ!"

"ಅದೇ ಕೊನೆ ಮೇಡಂ" ಎಂದರು ಮಾವ.

ಎದ್ದು ಕೂರ್ತೀರಾ? ಆಗಲ್ಲ. ಬಟ್ಟೆ? ಆಗಲ್ಲ. ಸ್ನಾನ? ಆಗಲ್ಲ. ಮಾವ ಸೀಲಿಂಗ್ ಫ್ಯಾನನ್ನೇ ನೋಡುತ್ತ ಒಂದೇ ಧ್ವನಿಯಲ್ಲಿ ಹೇಳುತ್ತ ಹೋದರು. ಅದರಲ್ಲಿ ಬಹುಪಾಲು ನಿಜವೇ. ಮೇಡಂ ಎರಡು ಸಲ ಪೆನ್ನು ನಿಲ್ಲಿಸಿ ಅವರ ಪಾದದ ಬಾವನ್ನು ಒತ್ತಿ ನೋಡಿದರು. ನೀಲಿ ಪುಸ್ತಕ ತೆಗೆದು ಹಿಂದಿನ ತಿಂಗಳುಗಳ ತೂಕ ನೋಡಿದರು. "ಇದನ್ನ ನಾನು ಅವತ್ತೇ ನೋಡ್ಬೇಕಾಗಿತ್ತು" ಎಂದು ತಮಗೆ ತಾವೇ ಹೇಳಿಕೊಂಡರು. ಅಷ್ಟರಲ್ಲಿ ಕೆಲಸ ಆಗಿಹೋಗಿತ್ತು. ಅದು ನನಗೂ ಕಂಡಿತು. ಆದರೂ ಮುಂದಿನ ಪ್ರಶ್ನೆಯನ್ನು ಅವರು ನನ್ನ ಕಡೆ ತಿರುಗಿ ಕೇಳಿದಾಗ ನನ್ನ ಬಾಯಿ ನಿಲ್ಲಲಿಲ್ಲ.

"ಊಟಕ್ಕೆ ಮೇಜಿನ ಹತ್ತಿರ ಬರ್ತಾರಾ?"

"ಇಲ್ಲ" ಎಂದೆ.

ಮಾವ ಫ್ಯಾನಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಹಿಂದಿನ ರಾತ್ರಿಯೂ ಬಂದಿದ್ದರು. ಫ್ರಿಜ್ಜಿನ ಹತ್ತಿರ ಮೂರು ನಿಮಿಷ ನಿಂತಿದ್ದರು, ಆದರೂ ಬಂದು ಕೂತು ಉಂಡಿದ್ದರು.

"ಯಜಮಾನ್ರೇ?" ಎಂದರು ಮೇಡಂ.

"ಇಲ್ಲ. ಬರೋಕಾಗಲ್ಲ."

ಉತ್ತರ ಬರಲು ಈ ಸಲ ನಾಲ್ಕೇ ದಿನ ಹಿಡಿಯಿತು. ಬೆಳಗ್ಗೆ ಎರಡು ಗಂಟೆ, ಭಾನುವಾರವೂ ಸೇರಿ ವಾರಕ್ಕೆ ಏಳು ದಿನ. ಮೊದಲಿದ್ದದ್ದಕ್ಕಿಂತ ಒಂದು ದಿನ ಹೆಚ್ಚು. ಸೂಪರ್‌ವೈಸರಿಗೆ ಕಾಗದ ತೋರಿಸಿದೆ. ಹೋದ ಜೀವ ಬಂದಂತಾಯಿತು. ಸಂಜೆ ಮೊಟ್ಟೆ ಸಾರು ಮಾಡಿದೆ, ಮಾವನಿಗೆ ಉಪ್ಪಿಲ್ಲದ್ದನ್ನು ಬೇರೆ ತೆಗೆದಿಟ್ಟೆ. ಮುನಿಸಿಕೊಂಡಿದ್ದ ಮಗಳೂ ರಾಜಿಯಾಗಿ ತಟ್ಟೆಗಳನ್ನು ಜೋಡಿಸಿದಳು.

"ಅಜ್ಜಾ, ಬಸ್ಸು ಹೊರಡೋ ಟೈಮಾಯ್ತು!"

"ನನ್ನ ತಟ್ಟೆ ಇಲ್ಲಿಗೇ ಕೊಟ್ಟುಬಿಡಿ" ಎಂದರು ಮಾವ.

ಸುಸ್ತಾಗಿರಬೇಕು ಎಂದು ನಾನೇ ಹೋದೆ. ಅವರು ದಿಂಬಿಗೆ ಒರಗಿ ಕೂತಿದ್ದರು. ಮೇಲುಸಿರೇನೂ ಇರಲಿಲ್ಲ. ಎಷ್ಟೋ ದಿನಗಳಿಗಿಂತ ಮುಖ ಚೆನ್ನಾಗಿತ್ತು.

"ಬನ್ನಿ ಮಾವ. ಎಲ್ಲರೂ ಕಾಯ್ತಾ ಇದಾರೆ."

"ಬೇಡಮ್ಮ. ಬರಲ್ಲ ಅಂತ ಬರ್ಕೊಂಡು ಹೋಗಿದಾರೆ."

"ಅದು ಕಾಗದದ ಮಾತು. ಮನೆಯೊಳಗೆ ಯಾರು ನೋಡ್ತಾರೆ?"

"ಕಿಟಕಿ ಇದೆ, ಎದುರುಮನೆ ಇದೆ. ಯಾರಾದ್ರೂ ನೋಡಿ ಹೇಳಿದ್ರೆ ಮತ್ತೆ ಕಡಿಮೆ ಮಾಡ್ತಾರೆ. ನಿನ್ನ ಕೆಲಸ ಹೋಗ್ಬಾರ್ದು."

ಕಿಟಕಿಯ ಪರದೆ ಎಳೆದು ಅವರ ಕೈ ಹಿಡಿದು ಎಬ್ಬಿಸಬಹುದಾಗಿತ್ತು. ಕೆಲಸ ಹಾಳಾಗಿ ಹೋಗಲಿ, ಬನ್ನಿ ಎಂದು ಒಂದು ಮಾತು ಅನ್ನಬಹುದಾಗಿತ್ತು. ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಅವರ ಮಾತು ಕೇಳಿ ನನಗೂ ಹೆದರಿಕೆಯಾಯಿತು, ಎದುರುಮನೆಯ ಕಡೆ ಒಮ್ಮೆ ನೋಡಿಯೂ ನೋಡಿದೆ. ಇವತ್ತೊಂದು ದಿನ ಇರಲಿ ಎಂದುಕೊಂಡು ತಟ್ಟೆಯನ್ನು ಹಾಸಿಗೆಗೇ ಒಯ್ದೆ.

ಆ ಒಂದು ದಿನ ಮುಗಿಯಲೇ ಇಲ್ಲ. ಮೊದಲ ವಾರ ಮಗಳು ಹತ್ತು ಬಗೆಯಲ್ಲಿ ಕರೆದಳು, ಆಮೇಲೆ ತನ್ನ ತಟ್ಟೆಯನ್ನೂ ಅಜ್ಜನ ಮಂಚಕ್ಕೇ ಕೊಂಡೊಯ್ದಳು. 'ಎಂಟು ಗಂಟೆ' ಬೆಳಗ್ಗೆ ಬಂದಾಗ, "ನಾಲ್ಕು ಹೆಜ್ಜೆ ಹಾಕಿ ಯಜಮಾನ್ರೇ, ಮಲಗೇ ಇದ್ರೆ ಕಾಲು ಸೋಲುತ್ತೆ" ಎಂದು ಗೋಗರೆದರು. "ಬೇಡ, ನೀವು ಪುಸ್ತಕದಲ್ಲಿ ಬರೀತೀರಾ" ಎಂದು ಮಾವ ಹೊದಿಕೆ ಎಳೆದುಕೊಂಡರು. ಬರೆದರೆ ಏನೂ ಆಗುವುದಿಲ್ಲ ಎಂದು ಅವರು ಆಣೆ ಮಾಡಿ ಹೇಳಿದರೂ ಒಪ್ಪಲಿಲ್ಲ. ಒಂದು ಸಲ ನಂಬಿ ಕೆಟ್ಟವರು ಎರಡನೆಯ ಸಲ ಹೇಗೆ ನಂಬುತ್ತಾರೆ? ಸಂಜೆ ಇವರು ರೇಗಿದರು.

"ಏಳಪ್ಪ! ಯಾರಿಗೆ ಹೆದರ್ಕೊಂಡು ಮಲಗಿದೀಯ ಹೀಗೆ?"

"ಕೂಗ್ಬೇಡ. ಎದುರುಮನೆಗೆ ಕೇಳುತ್ತೆ."

ಆರನೇ ವಾರ ಒಂದು ಬೆಳಗ್ಗೆ ವ್ಯಾನು ರಿಪೇರಿಗೆ ಹೋಗಿತ್ತು, ಇವರು ಮನೆಯಲ್ಲೇ ಇದ್ದರು, ಮಗಳಿಗೂ ಕಾಲೇಜಿಗೆ ರಜೆ. ನಾನು ಡಬ್ಬಿಗೆ ಬ್ರೆಡ್ಡು ತುಂಬುತ್ತಿದ್ದೆ. ಇವತ್ತು ಏನೇ ಆಗಲಿ ಎಬ್ಬಿಸಿ ನಿಲ್ಲಿಸುತ್ತೇನೆ ಎಂದು ಇವರು ಒಂದು ಕಡೆ, ಮಗಳು ಇನ್ನೊಂದು ಕಡೆ ಹಿಡಿದರು. ಪರದೆ ಎಳೆದು, ಬಾಗಿಲು ಹಾಕಿ, ಯಾರೂ ನೋಡುವುದಿಲ್ಲ ಎಂದು ಮೂವರೂ ಮಾತು ಕೊಟ್ಟ ಮೇಲೆ ಮಾವ ಹೂಂ ಎಂದರು. ಪಾದ ನೆಲಕ್ಕೆ ಇಟ್ಟರು. ಮೊಣಕಾಲು ಮಡಚಿಕೊಂಡಿತು. ಇನ್ನೊಂದು ಸಲ ಎತ್ತಿ ನಿಲ್ಲಿಸಿದರು, ಇನ್ನೊಂದು ಸಲವೂ ಹಾಗೇ ಆಯಿತು. ಪೈಜಾಮದೊಳಗೆ ಆ ಕಾಲುಗಳು ಎಷ್ಟು ಸಣ್ಣಗಾಗಿವೆ ಎಂಬುದು ನನಗೆ ಆಗ ಕಂಡಿತು.

ಮಗಳು ಅಳಲು ಶುರು ಮಾಡಿದಳು. ಇವರು ಅಪ್ಪನನ್ನು ಹಾಸಿಗೆಯ ಮೇಲೆ ಕೂರಿಸಿ, ಗೋಡೆಯ ಕಡೆ ತಿರುಗಿ ನಿಂತರು. ಮಾವನ ಕಣ್ಣಲ್ಲಿ ಮಾತ್ರ ನೀರಿರಲಿಲ್ಲ. ತಮ್ಮ ಕಾಲನ್ನು ತಾವೇ ಎರಡು ಸಲ ತಟ್ಟಿ ನೋಡಿದರು. ಆಮೇಲೆ ನನ್ನನ್ನು ನೋಡಿ, ಎದೆಯ ಮೇಲಿನ ಭಾರ ಇಳಿದವರ ಹಾಗೆ ನಕ್ಕರು.

"ಸದ್ಯ! ಈಗ ನಿಜ ಆಯ್ತು ನೋಡಮ್ಮ. ಇನ್ನು ಯಾರು ಬಂದು ನೋಡಿದ್ರೂ ನಿನ್ನ ಕೆಲಸಕ್ಕೆ ಭಯ ಇಲ್ಲ."

ಬೆಲ್ಲಾಯಿತು. ಮಗಳು ಕಣ್ಣೊರೆಸಿಕೊಂಡು ಬಾಗಿಲು ತೆಗೆಯಲು ಹೋದಳು. ನಾನು ಡಬ್ಬಿ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು, ಎಂಟು ಗಂಟೆಯವರ ಮುಖ ನೋಡಲಾಗದೆ ಅವರ ಪಕ್ಕದಲ್ಲೇ ಹಾದು ಮೆಟ್ಟಿಲಿಳಿದು ಕೆಲಸಕ್ಕೆ ಹೋದೆ. ಅವತ್ತೂ ಒಂದು ನಿಮಿಷ ತಡವಾಗಲಿಲ್ಲ.